ಅತ್ತೆ ರೋಗಿಯಾಗಿ ಹೋದ ದಿನ

ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯಿಂದ ಕಾಶಿಗೆ ಬಂದವರು ಅವರು. ಗಂಗೆಯಲ್ಲಿ ಮುಳುಗಿ, ಹಿರಿಯರಿಗೆ ಪಿಂಡ ಹಾಕಿ, ಹಿಂಡಿದ ಧೋತರ ಹೆಗಲ ಮೇಲೆ ಹಾಕಿಕೊಂಡು ಸೋನಾರ್‌ಪುರದ ರಸ್ತೆಯಿಂದ ನಮ್ಮ ಗಲ್ಲಿಗೆ ತಿರುಗುತ್ತಿದ್ದರು. ಅಪ್ಪ ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸುವ ಪುರೋಹಿತರು. ಗಲ್ಲಿಯಲ್ಲಿ ಇನ್ನೂ ಕೆಲವು ಕನ್ನಡ ಪುರೋಹಿತರ ಮನೆಗಳಿದ್ದವು. ಯಾತ್ರಿಕರು ಯಾರ ಮನೆಯಲ್ಲಿ ಇಳಿದುಕೊಂಡಿದ್ದರೂ ಶ್ರಾದ್ಧದ ಅಡಿಗೆ ಮಾತ್ರ ನಮ್ಮ ಅತ್ತೆಯದು.

ಅತ್ತೆ ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಅಂಥವಳಿಗೆ ನಮ್ಮ ಜನರಲ್ಲಿ ಏನು ಸ್ಥಾನವಿರುತ್ತಿತ್ತೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಆದರೆ ಮಡಿ ಉಟ್ಟು ಒಲೆಯ ಮುಂದೆ ಕೂತಳೆಂದರೆ ಆ ಗಲ್ಲಿಯಲ್ಲಿ ಅವಳಿಗಿಂತ ದೊಡ್ಡವರು ಯಾರೂ ಇರಲಿಲ್ಲ. ಹಿಂದಿನ ಸಂಜೆಯೇ ಪುರೋಹಿತರು ಬಂದು ಹೊಸ್ತಿಲಾಚೆ ನಿಂತು, "ಅಕ್ಕಾ, ನಾಳೆ ಇಷ್ಟು ಎಲಿ ಅದಾವ್ರಿ" ಎಂದು ಹೇಳಿ ಅವಳ ಒಪ್ಪಿಗೆ ಪಡೆದು ಹೋಗಬೇಕು. ಅವಳು ಕೂಡಲೇ ಹೂಂ ಅನ್ನುತ್ತಿರಲಿಲ್ಲ. ತುಸು ಕಾಯಿಸುತ್ತಿದ್ದಳು. ಆ ಕಾಯಿಸುವಿಕೆಯಲ್ಲಿ ಅವಳಿಗೆ ಎಷ್ಟು ಸುಖವಿತ್ತೆಂದು ನನಗೆ ಆಗ ಹೊಳೆದಿರಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವನು. ಓದು ನನಗೆ ಕಲಿಸಿದ್ದು ಮುಖ್ಯವಾಗಿ ಅನುಮಾನ. ಜನಿವಾರ ಗೂಟಕ್ಕೆ ಹಾಕಿ, ಒಂದು ಕೆಲಸ ಹಿಡಿದು ಬಿಟ್ಟು, ಇನ್ನೊಂದು ಹಿಡಿದು ಬಿಟ್ಟು, ಕೊನೆಗೆ ಊರ ಹೊರಗಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಸೇರಿಕೊಂಡೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಿಡುಬು ದೇಶದಿಂದ ಹೋಗುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಆದರೆ ಬಿಹಾರದ ಕಡೆಯಿಂದ ಬರುವ ಪ್ರತಿ ರೈಲಿನ ಜೊತೆಗೂ ಒಂದು ಗಾಳಿಸುದ್ದಿ ಬಂದು ಇಳಿಯುತ್ತಿತ್ತು.

ನಮ್ಮ ಆಸ್ಪತ್ರೆಯ ಮುಖ್ಯ ಡಾಕ್ಟರು ಎತ್ತರದ, ಮಾತು ಕಡಿಮೆಯ ಮನುಷ್ಯ. ಪೂರ್ವ ಉತ್ತರಪ್ರದೇಶದವರೇ. ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕಿ ಬಂದಿದ್ದರು. ರೋಗಿ ಬಾಗಿಲಿಗೆ ಬಂದ ಮೇಲೆ ಏನು ಮಾಡಬೇಕೆಂದು ಯೋಚಿಸುವ ಆಸ್ಪತ್ರೆ ಮುಳುಗಿದಂತೆಯೇ ಎಂಬುದು ಅವರ ನಂಬಿಕೆ. ಮೊದಲೇ ಒಂದು ಪೂರ್ಣ ತಾಲೀಮು ನಡೆಯಬೇಕು. ಮನೆಯಿಂದ ರೋಗಿಯನ್ನು ಎತ್ತಿ, ಗಾಡಿಯಲ್ಲಿ ತಂದು, ಯಾರೂ ಓಡಾಡದ ಹಿಂದಿನ ಬಾಗಿಲಿಂದ ಒಳಗೆ ಒಯ್ದು ಮಲಗಿಸಬೇಕು. ಯಾರು ಮುಟ್ಟಬೇಕು, ಯಾರು ಮುಟ್ಟಬಾರದು, ಬಟ್ಟೆ ಎಲ್ಲಿ ಬೇಯಬೇಕು, ಗಾಡಿಯನ್ನು ಯಾರು ತೊಳೆಯಬೇಕು ಎಲ್ಲ ಗೊತ್ತಾಗಬೇಕು. ಯೋಜನೆ ಬರೆಯುವ ಕೆಲಸ ನನ್ನದು. ಯಾತ್ರಿಕರು ಇಳಿಯುವ ಗಲ್ಲಿಗಳು ನನಗೆ ಗೊತ್ತಿದ್ದವು ಎಂಬುದೇ ಅದಕ್ಕೆ ಕಾರಣ.

ಮೊದಲ ತಾಲೀಮು ಆಸ್ಪತ್ರೆಯ ಅಂಗಳದಲ್ಲಿ ನಡೆಯಿತು. ರೋಗಿಯ ಜಾಗದಲ್ಲಿ ಒಂದು ಲೋಡು ದಿಂಬು. ಸ್ಟ್ರೆಚರ್ ಹೊತ್ತವರು ಅದನ್ನು ಮದುಮಗಳೆಂದು ಕರೆದು, ಪಲ್ಲಕ್ಕಿಯಂತೆ ತೂಗಾಡಿಸುತ್ತ, ನಗುತ್ತ ತಂದರು. ಡಾಕ್ಟರು ನಗಲಿಲ್ಲ. "ಲೋಡು ನೀರು ಕೇಳುವುದಿಲ್ಲ, ಹೆದರುವುದಿಲ್ಲ, ಎದ್ದು ಓಡುವುದಿಲ್ಲ. ಮನುಷ್ಯರು ಬೇಕು" ಎಂದರು.

ಮನುಷ್ಯರು ಸಿಗಲಿಲ್ಲ. ವಾರ್ಡಿನ ಕೆಲಸದವರು ಕಾಲರಾ ರೋಗಿ ಬೇಕಾದರೆ ಆಗುತ್ತೇವೆ, ಇದೊಂದು ಬೇಡ ಎಂದರು. ಕನ್ನಡದಲ್ಲಿ ನಾವು ಅಮ್ಮ ಎನ್ನುವಂತೆ ಅವರು ಸಿಡುಬನ್ನು ಮಾತಾ ಎನ್ನುತ್ತಿದ್ದರು. ತಾಯಿಯ ಹೆಸರಿನಲ್ಲಿ ಸುಳ್ಳು ಮಲಗಿದರೆ ತಾಯಿ ನಿಜವಾಗಿ ಬರುತ್ತಾಳೆ. ಲಸಿಕೆ ಹಾಕಿಸಿಕೊಂಡವರು, ದಿನವೂ ರೋಗಿಗಳ ನಡುವೆ ಬದುಕುವವರು ಈ ಮಾತು ಹೇಳಿದರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಮುಂದೆ ಇದನ್ನು ಹೇಳಿ ನಗುತ್ತಿದ್ದೆ ಎಂದು ನೆನಪು. ಅತ್ತೆ ಒಳಗಿನಿಂದಲೇ ಹೇಳಿದಳು:

"ನನ್ನ ಒಯ್ರಿ."

ಅಪ್ಪ ಕೈಯ ತುತ್ತನ್ನು ಹಾಗೇ ಹಿಡಿದರು. "ಅಕ್ಕಾ, ಏನ್ ಮಾತಾಡ್ತೀ?"

"ಯಾಕ? ನನಗ ಬಂದು ಹೋಗಿದ್ದು ಹೋಗೇ ಬಿಟ್ಟದ. ಮತ್ತ ಬರೂದಿಲ್ಲಂತ ಇವನ ಹೇಳ್ತಿದ್ದನಲ್ಲ. ಇವರ ಸಾಹೇಬಗ ಕಣ್ಣದಾವೋ ಇಲ್ಲೋ, ನನ್ನ ಮಾರಿ ನೋಡಿದ್ರ ಸಾಕು. ಹೊಸದಾಗಿ ವೇಷ ಹಾಕೂದೂ ಬ್ಯಾಡ."

ಎಂಟೋ ಒಂಬತ್ತೋ ವಯಸ್ಸಿನಲ್ಲಿ ಅವಳಿಗೆ ಸಿಡುಬು ಆಗಿತ್ತು. ಮುಖದ ತುಂಬ ಕಲೆಗಳು. ಅವುಗಳ ಬಗ್ಗೆ ಅವಳೇ ತಮಾಷೆ ಮಾಡುತ್ತಿದ್ದಳು, ಬೇರೆಯವರು ಮಾಡುವ ಮೊದಲು. ನಾನೇ ಅವಳನ್ನು ಕೇಳಿದೆನೋ, ಅವಳಾಗಿ ಒಪ್ಪಿದಳೋ ಎಂದು ಎಷ್ಟೋ ಸಲ ನೆನಪನ್ನು ಕೆದಕಿ ನೋಡಿದ್ದೇನೆ. ಆ "ನನ್ನ ಒಯ್ರಿ" ಎಂಬ ದನಿ ಅಷ್ಟು ಸ್ಪಷ್ಟವಾಗಿ ಕೇಳುವುದರಿಂದಲೇ ನನಗೆ ಅದರ ಮೇಲೆ ಪೂರ್ತಿ ಭರವಸೆ ಇಲ್ಲ. ಆದರೆ ಅವಳಿಗೆ ಉತ್ಸಾಹವಿತ್ತು ಎಂಬುದು ನಿಜ. ಅಡಿಗೆಮನೆ ಮತ್ತು ಘಾಟು ಬಿಟ್ಟರೆ ಅವಳು ಈ ಊರನ್ನು ಕಂಡಿದ್ದೇ ಕಡಿಮೆ.

ತಾಲೀಮಿನ ದಿನ ಮುಂಜಾನೆ ಒಬ್ಬಾತ ಸೈಕಲ್ ರಿಕ್ಷಾದಲ್ಲಿ ಕೂತು, ಇದು ಬರೀ ಅಭ್ಯಾಸ, ಯಾರೂ ಹೆದರಬಾರದು ಎಂದು ತಗಡಿನ ಭೋಂಪುವಿನಲ್ಲಿ ಕೂಗುತ್ತ ಹೋದ. ಗಾಡಿ ಸೋನಾರ್‌ಪುರದ ರಸ್ತೆಯಲ್ಲೇ ನಿಂತಿತು. ಗಲ್ಲಿಯೊಳಗೆ ಎರಡು ಹಸು ಎದುರಾದರೆ ಒಂದು ಹಿಂದಕ್ಕೆ ನಡೆಯಬೇಕು, ಗಾಡಿಯ ಮಾತೆಲ್ಲಿ. ಡಾಕ್ಟರು ನಡೆದೇ ಬಂದರು. ಅವರ ಕೈಯಲ್ಲಿ ಬೇವಿನ ಸೊಪ್ಪಿತ್ತು.

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವು ಕಟ್ಟುವುದು ನಮ್ಮಲ್ಲಿಯೂ ಇತ್ತು, ಅಲ್ಲಿಯ ಜನರಲ್ಲಿಯೂ ಇತ್ತು. ಹೊರಗಿನ ಊರುಗಳಿಂದ ಹೊಸದಾಗಿ ಬಂದ ಸಿಬ್ಬಂದಿಗೆ ಆ ಗುರುತು ಕಣ್ಣಿಗೆ ರೂಢಿಯಾಗಬೇಕು, ಮುಚ್ಚಿಟ್ಟ ರೋಗಿಯ ಮನೆಯನ್ನು ಅವರು ಹೊರಗಿನಿಂದಲೇ ಕಂಡುಹಿಡಿಯಬೇಕು ಎಂದು ಡಾಕ್ಟರ ವಿಚಾರ. ಕಟ್ಟಲು ಹೇಳಿದರೆ ಸಿಬ್ಬಂದಿಯಲ್ಲಿ ಯಾರೂ ಕೈ ಮುಂದೆ ಮಾಡಲಿಲ್ಲ. ಅವರೇ ಕಟ್ಟಿದರು. ಎತ್ತರದವರಾದ್ದರಿಂದ ಸ್ಟೂಲು ಬೇಕಾಗಲಿಲ್ಲ. ಗಲ್ಲಿಯ ಜನ ಕಟ್ಟೆಗಳ ಮೇಲೆ ನಿಂತು ಅದನ್ನು ನೋಡುತ್ತಿದ್ದರು. ಅಲ್ಲಿಯವರೆಗೆ ಇದ್ದ ನಗು, ಮಾತು ಆಗ ನಿಂತಿತು ಎಂದು ಈಗ ಅನಿಸುತ್ತದೆ. ಆದರೆ ಆಗ ನಾನು ಅದನ್ನು ಗಮನಿಸಿದ್ದೆನೋ, ಆಮೇಲೆ ನಡೆದದ್ದನ್ನು ತಿಳಿದು ಸೇರಿಸಿಕೊಂಡೆನೋ ಹೇಳಲಾರೆ.

ಅತ್ತೆ ಬಿಳಿ ಸೀರೆಯನ್ನು ತಲೆತುಂಬ ಹೊದ್ದು ಸ್ಟ್ರೆಚರಿನ ಮೇಲೆ ಮಲಗಿದಳು. ಮೂಲೆ ತಿರುಗುವಾಗ ಸ್ಟ್ರೆಚರು ಸಿಕ್ಕಿಕೊಂಡಿತು. ಹೊತ್ತವರು ಪರದಾಡಿದರು. ಒಳಗಿನಿಂದ, "ನಿಲ್ಲಸ್ರೋ, ನಾ ನಡಕೋತ ಬರ್ತೀನಿ, ಆಚೆ ಹೋಗಿ ಮತ್ತ ಮಲಗ್ತೀನಿ" ಎಂಬ ದನಿ ಬಂತು. ಡಾಕ್ಟರು ಒಪ್ಪಲಿಲ್ಲ. ಸ್ಟ್ರೆಚರನ್ನು ಓರೆ ಮಾಡಿ ದಾಟಿಸಿದರು. ಅದನ್ನು ನಾನು ಯೋಜನೆಯಲ್ಲಿ ಸೇರಿಸಿಕೊಂಡೆ.

ಆಸ್ಪತ್ರೆಯಲ್ಲಿ ಅವಳದು ಕನ್ನಡ ಬಿಟ್ಟು ಏನೂ ಬಾರದ ಯಾತ್ರಿಕಳ ಪಾತ್ರ. ನರ್ಸು ಹಾಸಿಗೆಯ ಸುತ್ತ ಕಟ್ಟಿದ ಹಗ್ಗದ ಈಚೆ ನಿಂತು ಹಿಂದಿಯಲ್ಲಿ ಕೇಳಬೇಕು, ನಾನು ಇನ್ನೂ ದೂರದ ಕಿಟಕಿಯಲ್ಲಿ ನಿಂತು ಕೂಗಿ ಅನುವಾದ ಮಾಡಬೇಕು.

"ಜ್ವರ ಯಾವಾಗ ಬಂತು ಅಂತ ಕೇಳ್ತಾರ, ಅತ್ತ್ಯಾ."

"ನಿಮ್ಮ ಸಾಹೇಬನ್ನ ನೋಡಿದ ಮ್ಯಾಲೆ ಬಂತು ಅಂತ ಹೇಳು. ಈ ಖೋಲಿಯೊಳಗ ಫಿನಾಯಿಲ್ ವಾಸನಿಗೇ ಗಟ್ಟಿ ಮನುಷಾ ಸಾಯ್ತಾನ."

"ಏನಂತಾರೆ?" ಎಂದು ಡಾಕ್ಟರು ಕೇಳಿದರು.

"ತಲೆನೋವು ಅಂತಾರೆ ಸಾಹೇಬ್."

ಅವಳು ನಕ್ಕದ್ದು ಕಿಟಕಿಯ ಈಚೆಗೂ ಕೇಳಿಸಿತು. ಸೀಟಿ ಊದಿದಾಗ ತಾಲೀಮು ಮುಗಿಯಿತು. ಎಲ್ಲರಿಗೂ ಚಹಾ, ಸಮೋಸ. ಡಾಕ್ಟರು ಬಹಳ ಅಪರೂಪಕ್ಕೆ ನಕ್ಕು, ಎಲ್ಲ ಸರಿಯಾಗಿ ನಡೆಯಿತೆಂದರು. ಅತ್ತೆ ಹೊರಗಿನ ಚಹಾ ಮುಟ್ಟುವವಳಲ್ಲ. ನಾವಿಬ್ಬರೂ ಸೈಕಲ್ ರಿಕ್ಷಾ ಹತ್ತಿ ಹೊರಟೆವು. ದಾರಿಯುದ್ದಕ್ಕೂ ಅವಳು ಸ್ಟ್ರೆಚರು ಸಿಕ್ಕಿಕೊಂಡ ಕಥೆಯನ್ನು ನನಗೇ ಮತ್ತೆ ಮತ್ತೆ ಹೇಳಿದಳು. ಘಾಟಿಗೆ ಇಳಿದು ಸ್ನಾನ ಮಾಡಿ ಮನೆಗೆ ಬಂದಳು.

ಮರುದಿನ ವಿಜಾಪುರದ ಕಡೆಯ ಒಂದು ಚಿಕ್ಕ ತಂಡ ಎದುರು ಮನೆಯಲ್ಲಿ ಇಳಿಯುವುದಿತ್ತು. ಅವರ ಶ್ರಾದ್ಧದ ಅಡಿಗೆಗೆ ಅತ್ತೆ ಬೇಳೆ ಆರಿಸಿ ಇಟ್ಟುಕೊಂಡಿದ್ದಳು. ಎಲೆ ಎಷ್ಟು ಎಂದು ಹೇಳಲು ಸಂಜೆ ಯಾರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಪುರೋಹಿತರ ಹೆಂಡತಿ ಬಂದರು. ನಾವು ಅವರನ್ನು ಕಾಕು ಎನ್ನುತ್ತಿದ್ದೆವು. ಕೆಟ್ಟವರಲ್ಲ. ನನಗೆ ಬಾಲ್ಯದಲ್ಲಿ ಎಣ್ಣೆ ಹಚ್ಚಿ ನೀರೆರೆದವರು. ಹೊಸ್ತಿಲಿನಿಂದ ಸ್ವಲ್ಪ ದೂರದಲ್ಲಿ ನಿಂತರು.

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ನಾಳೆ ಅಡಿಗಿ ನಾನ ಮಾಡ್ತೀನಿ."

"ಯಾಕ? ನಿನ್ನ ಸೊಂಟನೋವು ಹೋತೇನು?"

ಕಾಕು ನೆಲ ನೋಡಿದರು. ನನಗೆ ತಿಳಿದುಹೋಯಿತು. "ಕಾಕು, ಅದು ತಾಲೀಮು" ಎಂದೆ. "ಅತ್ತ್ಯಾಗ ಏನೂ ಆಗಿಲ್ಲ. ಒಮ್ಮೆ ಬಂದವರಿಗೆ ಮತ್ತ ಬರೂದಿಲ್ಲ, ಇದು ವಿಜ್ಞಾನ."

"ನಾಟಕ ಅಂತ ನನಗ ಗೊತ್ತಿಲ್ಲೇನೋ? ಮುಂಜಾನಿಂದ ಭೋಂಪು ಹಿಡಕೊಂಡು ಒದರಿದ್ರಲ್ಲ. ರಾಮನಗರದ ರಾಮಲೀಲಾದಾಗ ಏನಾಗ್ತದ ಹೇಳು. ಕಿರೀಟ ಇಡೂತನಾ ಅವ ಯಾರದೋ ಮನಿ ಹುಡುಗ. ಇಟ್ಟ ಮ್ಯಾಲೆ? ನಿಮ್ಮಪ್ಪಾರೂ ಕಾಲು ಮುಟ್ತಾರ. ಆರತಿ ಮಾಡಿ ಕಿರೀಟ ಇಳಸೂತನಾ ಅವ ದೇವರ. ನಿಮ್ಮ ಸಾಹೇಬ ಬೇವು ಕಟ್ಟಿ ಅಮ್ಮನ್ನ ಕರದ. ಅಕ್ಕಾರ ಮೈಮ್ಯಾಲೆ ಕೂಡ್ರಿಸಿದ. ಆಮ್ಯಾಲೆ ಎಲ್ಲಾರೂ ಚಹಾ ಕುಡದು ಹೋದ್ರಿ. ಕಳಿಸಿದವರು ಯಾರು?"

ಅಪ್ಪ ಒಳಗಿನಿಂದ ಬಂದರು. "ನಾ ಪೂಜಾ ಮಾಡಿ ಕಳಸ್ತೀನಿ ತಗೋ. ಶೀತಲಾ ಅಮ್ಮನ ಗುಡಿಗೆ ನಾಳೆನ ಹೋಗಿ ಬರ್ತೀವಿ."

"ನೀವು ಕಳಸೂದಲ್ರಿ. ಕಟ್ಟಿದಾವ ಅವ. ಅವನ ಬಂದು ಬಿಚ್ಚಲಿ, ಕೈಮುಗದು ಹೋಗಿ ಬಾರವ್ವಾ ಅನ್ನಲಿ. ನಾನ ಬಂದು ಮೊದಲನೇ ಎಲಿಗೆ ಕೂಡ್ತೀನಿ. ನನ್ನ ಸಲುವಾಗಿ ಅಲ್ಲ. ಯಾತ್ರಿಕರು ಕೇಳ್ತಾರ, ನಾ ಏನ್ ಹೇಳ್ಲಿ?"

ರಾಮನಗರದ ಲೀಲೆಗೆ ಪ್ರತಿವರ್ಷ ನದಿ ದಾಟಿ ಹೋಗುವ ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ನನಗೆ ಹೊಳೆಯಿತು, ಬೇಕಾದಷ್ಟು. ಸಿಡುಬಿನ ಬಗ್ಗೆ, ಲಸಿಕೆಯ ಬಗ್ಗೆ, ಮೂಢನಂಬಿಕೆಯ ಬಗ್ಗೆ ಮಾತಾಡಿದೆ. ಕಾಕು ಪೂರ್ತಿ ಕೇಳಿಸಿಕೊಂಡು, "ನೀ ಶಾಣ್ಯಾ ಇದ್ದೀಯಪಾ" ಎಂದು ಹೋದರು.

ಅತ್ತೆ ಆರಿಸಿದ ಬೇಳೆಯನ್ನು ಡಬ್ಬಿಗೆ ಮತ್ತೆ ತುಂಬಿದಳು. ಆಮೇಲೆ ನನ್ನನ್ನು ಕರೆದಳು. "ನಿಮ್ಮ ಸಾಹೇಬನ್ನ ಕೇಳಿ ನೋಡು. ಒಂದು ಗಳಿಗಿ ಬಂದು ಹೋದ್ರ ಸಾಕು."

ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ನಿಜವಾಗಿ ಬೇಸರವಾಯಿತು, ಅದನ್ನು ನಾನು ಕಂಡೆ. "ಬೇವು ಕಟ್ಟಬಾರದಿತ್ತು" ಎಂದರು. "ಆದರೆ ಈಗ ನಾನು ಕೈಮುಗಿದು ತಾಯಿಯನ್ನು ಕಳಿಸಿಕೊಟ್ಟರೆ, ನಾಳೆ ಅದೇ ಗಲ್ಲಿಗೆ ಸೂಜಿ ಹಿಡಿದು ಯಾವ ಮುಖದಿಂದ ಹೋಗಲಿ? ಡಾಕ್ಟರೇ ಒಪ್ಪಿಕೊಂಡಿದ್ದಾನೆ, ಇದು ರೋಗವಲ್ಲ, ದೇವಿ ಎನ್ನುತ್ತಾರೆ. ಹತ್ತು ಮನೆ ಬಾಗಿಲು ಹಾಕಿಕೊಂಡರೆ ಒಂದು ಮಗು ಸಾಯುತ್ತದೆ. ನಿಮ್ಮ ಅತ್ತೆಯವರ ಅಡಿಗೆ ನಿಂತರೆ ಯಾರೂ ಸಾಯುವುದಿಲ್ಲ."

ನನಗೆ ಅದು ಸರಿಯೆನಿಸಿತು. ಇವತ್ತಿಗೂ ತಪ್ಪೆಂದು ತೋರಿಸಲು ನನ್ನಿಂದಾಗುವುದಿಲ್ಲ. ಹೊರಡುವಾಗ ಅವರು ಕರೆದು, ಆಸ್ಪತ್ರೆಯ ಅಡಿಗೆಮನೆಗೆ ಒಬ್ಬರು ಬೇಕಾಗಿದ್ದಾರೆ, ನಿಮ್ಮ ಅತ್ತೆ ಬರುವುದಾದರೆ ನಾನು ವ್ಯವಸ್ಥೆ ಮಾಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮನೆಗೆ ಬಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಮೊದಲನೆಯದನ್ನು ಕೇಳಿ ಅತ್ತೆ ಬಾಗಿಲಿನ ಬೇವಿನ ಕಡೆ ನೋಡಿದಳು. ಎರಡನೆಯದಕ್ಕೆ, "ಅಲ್ಲಿ ಉಣ್ಣವರು ಒಲ್ಲೆ ಅನ್ನೂ ಹಂಗಿಲ್ಲ. ಒಲ್ಲೆ ಅನ್ನೂ ಹಂಗಿಲ್ಲದವರಿಗೆ ನೀಡೂದ್ರಾಗ ಏನದ?" ಎಂದಳು.

ಬೇವು ಬಾಗಿಲಲ್ಲೇ ಒಣಗಿತು. ಡಾಕ್ಟರು ಬಂದಾರು ಎಂದು ಅವಳು ಅದನ್ನು ಮುಟ್ಟಲೂ ಇಲ್ಲ, ನಮಗೆ ಮುಟ್ಟಲು ಬಿಡಲೂ ಇಲ್ಲ. ಎಲೆಗಳು ಹೊಸ್ತಿಲ ಮೇಲೆ ಉದುರುತ್ತಿದ್ದವು, ಅವಳು ಗುಡಿಸುತ್ತಿದ್ದಳು. ಬರೀ ಕಡ್ಡಿ ಉಳಿದಾಗ ಒಂದು ದಿನ ತಾನೇ ಬಿಚ್ಚಿ ಗಂಗೆಗೆ ಒಯ್ದಳು ಎಂಬುದು ನನ್ನ ನೆನಪು.

ನನ್ನ ತಂಗಿಯ ನೆನಪು ಬೇರೆ. ಆಗ ಅವಳು ಶಾಲೆಗೆ ಹೋಗುತ್ತಿದ್ದಳು. ಈಗ ಅಜ್ಜಿ. ಮಾತಾಡಿದರೆ ಅರ್ಧ ಕನ್ನಡ, ಅರ್ಧ ಹಿಂದಿ. ಈಚೆಗೆ ಈ ಮಾತು ಬಂದಾಗ ಅವಳು, "ಅರೇ ಭೈಯಾ, ಅವರು ಬಂದಿದ್ರಲ್ಲ" ಎಂದಳು.

"ಯಾರು?"

"ಡಾಕ್ಟರ್ ಸಾಹೇಬ್. ದುಪಹರ್‌ದಾಗ, ಗಲ್ಲಿಯೊಳಗ ಎಲ್ಲಾರೂ ಉಂಡು ಮಲಗಿದ್ರು. ಜೀಪ್ ಇರಲಿಲ್ಲ, ನಡಕೋತ ಬಂದ್ರು. ಬಾಗಿಲಾಗ ನಿಂತು ಕೈ ಮುಗದ್ರು. ಬೇವು ಬಿಚ್ಚಿ ಅತ್ತ್ಯಾನ ಕೈಯಾಗ ಕೊಟ್ರು. ಅತ್ತ್ಯಾ ನೀರು ಕೊಟ್ಲು, ಕುಡದು ಹೋದ್ರು. ನೀ ಲಖನೌದಾಗ ಇದ್ದೆಲ್ಲ."

ನಾನು ಲಖನೌಗೆ ಹೋಗಿದ್ದು ನಿಜ. ನಮ್ಮ ತಾಲೀಮಿನ ಯೋಜನೆ ಅಲ್ಲಿಯವರಿಗೆ ಹಿಡಿಸಿತ್ತು. ಅದನ್ನು ವಿವರಿಸಲು ನನ್ನನ್ನು ಕಳಿಸಿದ್ದರು. ರೋಗಿಯನ್ನು ಒಳಗೆ ತರುವ ಪ್ರತಿ ಹೆಜ್ಜೆಯೂ ಅದರಲ್ಲಿತ್ತು. ಮನೆಗೆ ಕಳಿಸುವುದು ಹೇಗೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತಂಗಿಯ ಮಾತು ನಂಬಲು ನನಗೆ ಬಹಳ ಆಸೆ. ಆಸೆ ಇರುವುದರಿಂದಲೇ ನಂಬಲು ಹೆದರಿಕೆ. ಆ ವಯಸ್ಸಿನ ಹುಡುಗಿ ತನಗೆ ಬೇಕಾದ್ದನ್ನು ಕಂಡಿರಬಹುದು. ಅಥವಾ ಇಷ್ಟು ವರ್ಷಗಳಲ್ಲಿ ನನ್ನ ಮುಖ ನೋಡಿ ನನಗೆ ಬೇಕಾದ್ದನ್ನು ಕಟ್ಟಿಕೊಟ್ಟಿರಬಹುದು. ಅವರು ಬಂದಿದ್ದರೆ ಅತ್ತೆ ನನಗೆ ಯಾಕೆ ಹೇಳಲಿಲ್ಲ? ಹೇಳಬೇಡಿ ಎಂದು ಅವರು ಕೇಳಿಕೊಂಡಿದ್ದರೇ? ಕಾಕು ಕಂಡಿರಲಿಲ್ಲವಾದ್ದರಿಂದ ಗಲ್ಲಿಯ ಮಟ್ಟಿಗೆ ಅದು ನಡೆದೇ ಇಲ್ಲ. ಹಾಗಾದರೆ ಅತ್ತೆಗೆ ಒಂದೇ ಒಂದು ಮಾತಿನಿಂದ ತನ್ನ ಅಡಿಗೆಮನೆ ಮರಳಿ ಸಿಗುತ್ತಿತ್ತು, ಅವಳು ಆ ಮಾತು ಆಡದೆ ಉಳಿದಳು ಎಂದಾಗುತ್ತದೆ. ಡಾಕ್ಟರು ಮುಂದೆ ವರ್ಗವಾಗಿ ಹೋದರು. ಅದಕ್ಕೆ ಮೊದಲು ಅವರ ಜೊತೆ ಅದೇ ಕೋಣೆಯಲ್ಲಿ ಎಷ್ಟೋ ಕಾಲ ಕೆಲಸ ಮಾಡಿದೆ, ಕೇಳಲಿಲ್ಲ. ಅತ್ತೆಯ ಜೊತೆ ಅದೇ ಮನೆಯಲ್ಲಿ ಇನ್ನೂ ಎಷ್ಟೋ ವರ್ಷ ಇದ್ದೆ, ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅಲ್ಲಿ ಒಂದಿದೆಯೆಂದೇ ನನಗೆ ಗೊತ್ತಿರಲಿಲ್ಲ.

ಯಾತ್ರಿಕರು ಮತ್ತೆ ನಮ್ಮ ಮನೆಗೆ ಉಣ್ಣಲು ಬರಲಿಲ್ಲ. ಯಾರೂ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ. ಹಬ್ಬಕ್ಕೆ ತಂಗಿಗೆ ಕುಂಕುಮ ಕೊಡಲು ಬರುವವರು ಬಂದರು. ಅಡಿಗೆ ಮಾತ್ರ ಎದುರು ಮನೆಯದಾಯಿತು. ಸ್ವಲ್ಪ ದಿನದ ಮೇಲೆ ಅತ್ತೆ ತನ್ನ ದೊಡ್ಡ ಪಾತ್ರೆಗಳನ್ನೆಲ್ಲ ತೊಳೆದು, ಹುಣಸೆ ಹಚ್ಚಿ ತಿಕ್ಕಿ, ಆಳಿನ ಕೈಯಲ್ಲಿ ಎದುರು ಮನೆಗೆ ಕಳಿಸಿದಳು. ಅಪ್ಪ ಬೇಡವೆಂದರು. "ಅಕಿ ಅಷ್ಟು ಮಂದಿಗೆ ಸಣ್ಣ ಭಾಂಡ್ಯಾದಾಗ ಮಾಡ್ತಾಳ, ಹೊತ್ತಸ್ತಾಳ. ಉಣ್ಣವರು ಏನು ಮಾಡ್ಯಾರ?" ಎಂದಳು.

ಕಾಕು ಅಷ್ಟು ಮಂದಿಗೆ ಅಡಿಗೆ ಮಾಡಿದವರಲ್ಲ. ಮೊದಲ ದೊಡ್ಡ ತಂಡ ಬಂದ ದಿನ ಅವರ ಅಡಿಗೆಮನೆಯ ಕಿಟಕಿ ತೆರೆಯಿತು. ನಮ್ಮದೂ ತೆರೆದೇ ಇತ್ತು. ನಡುವೆ ಗಲ್ಲಿ, ಕೈ ಚಾಚಿದರೆ ಸಿಗುವಷ್ಟು.

"ಅಕ್ಕಾ, ಹುಳಿ ಕುದ್ಯಾಕ್ಹತ್ತೇದ. ಬೆಲ್ಲ ಈಗ ಹಾಕ್ಲೇನು?"

ಅತ್ತೆ ಕೂಡಲೇ ಹೇಳಲಿಲ್ಲ. ಕಿಟಕಿಯ ಕಂಬಿ ಹಿಡಿದು ಅತ್ತಕಡೆಯ ಸದ್ದು ಕೇಳಿಸಿಕೊಂಡಳು.

"ಇನ್ನೂ ಕುದಿಲಿ. ಸಣ್ಣ ಉರಿ ಮಾಡು."

"ಈಗ?"

"ಈಗ ಹಾಕು. ಮುಷ್ಟಿ ತುಂಬಾ ಬ್ಯಾಡ."

ಆ ಮಧ್ಯಾಹ್ನ ಎದುರು ಮನೆಯಿಂದ ಉಂಡು ಹೊರಬಂದ ಒಬ್ಬ ಮುದುಕರು ಕೈ ಒರೆಸಿಕೊಳ್ಳುತ್ತ, ನಮ್ಮ ಕಟ್ಟೆಯ ಮೇಲೆ ಕೂತಿದ್ದ ಅತ್ತೆಗೆ, ಊಟ ಛಲೋ ಆತು, ಆ ಮನಿ ತಾಯಿ ಕೈಯಾಗ ಭಾಳ ರುಚಿ ಅದ ಎಂದರು. ಅತ್ತೆ, "ಹೌದ್ರಿ, ಅಕಿ ಛಲೋ ಮಾಡ್ತಾಳ" ಎಂದಳು.